ಇನ್ನೊಂದು ಲೋಕದ ಕಡಲವೀರ

ಕಾಪುವಿನ ದೀಪಸ್ತಂಭವನ್ನು ಒಂದೇ ಕೈಯಲ್ಲಿ ಕಿತ್ತು, ಅದರಲ್ಲಿ ಹಲ್ಲುಜ್ಜಿ, ಪುನಃ ಅಲ್ಲಿಯೇ ನೆಟ್ಟು ಬಂದವನು ನಾನು. ನಿಟ್ಟೆಯ ಹಾಸ್ಟೆಲುಗಳಲ್ಲಿ ಹುಡುಗರು ಊಟ ಬಿಟ್ಟು ಓದುವ ‘ಕಡಲವೀರ’ ಕಾಮಿಕ್ಸ್ ಬರೆಯುವವನೂ ನಾನೇ. ಮುಳುಗುತ್ತಿದ್ದ ಗೆಳೆಯನನ್ನು ಎಳೆದು ತಂದ ದಿನ ಕಡಲವೀರನಿಗೆ ಶಕ್ತಿ ಬಂತೆಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಈ ಸಲ ಇನ್ನೊಂದು ಲೋಕದ ಕಡಲವೀರನನ್ನು ಬರೆದೆ. ಅಲ್ಲಿ ಗೆಳೆಯ ಸಾಯುತ್ತಾನೆ, ವೀರ ಕ್ರೂರಿಯಾಗುತ್ತಾನೆ.

ಮೊದಲ ಪ್ರತಿಯನ್ನು ಬೆಳ್ಮಣ್ಣಿನ ಜೆಸ್ಸಿ ಬಾಯಮ್ಮನಿಗೆ ಕೊಟ್ಟೆ. ಅವರ ಮಗ ಡೀನ್ ನನ್ನ ಗೆಳೆಯ. ಎರಡು ವರ್ಷದ ಹಿಂದೆ ಕಾಪುವಿನ ಕಡಲಿನಲ್ಲಿ ಮುಳುಗಿ ತೀರಿಹೋದ. ಅವನಿಗಾಗಿ ಏಳು ಸಲ ಮುಳುಗಿ ಹುಡುಕಿದೆನೆಂದು ನಾನು ಅವರಿಗೆ ಹೇಳಿದ್ದೆ. ಅಂದಿನಿಂದ ಅವರ ಕೊಂಕಣಿಯಲ್ಲಿ ನಾನೂ ‘ಪುತಾ’, ಅಂದರೆ ಮಗ; ಪ್ರತಿ ಭಾನುವಾರ ನನಗೆ ಅವರ ಮನೆಯಲ್ಲೇ ಊಟ.

ಅವರು ಒಂದು ಪುಟದಲ್ಲಿ ಬೆರಳಿಟ್ಟು ನಿಂತರು.

“ಗೆಳೆಯನ ಹೆಣ ದಡಕ್ಕೆ ಬಂದಿದೆ. ನಿನ್ನ ವೀರನ ಅಂಗಿ ಒದ್ದೆಯೇ ಆಗಿಲ್ಲ ಅಲ್ವಾ, ಸೋಮಲಿಂಗ?”

“ಬಣ್ಣ ಹಚ್ಚುವಾಗ ಮರೆತಿರಬೇಕು ಬಾಯಮ್ಮ. ನಾನು ಮುಳುಗಿದಾಗ ತಿಮಿಂಗಿಲವೇ ದಾರಿ ಬಿಟ್ಟಿತ್ತು, ಗೊತ್ತುಂಟಾ?”

“ಹುಡುಕಲು ಇಳಿದ ಉಳಿದವರ ಬಟ್ಟೆಯಿಂದ ನೀರು ಇಳಿಯುವುದನ್ನು ಹನಿಹನಿಯಾಗಿ ಬರೆದಿದ್ದೀ. ಇವನದು ಮಾತ್ರ ಮರೆತದ್ದಾ?” ಅವರ ದನಿ ಏರಲಿಲ್ಲ. “ಡೀನ್ ಕೊನೆಗೆ ಯಾರನ್ನು ಕರೆದ, ಪುತಾ? ಅಷ್ಟು ಹೇಳು, ಸಾಕು.”

“ನನ್ನನ್ನು,” ಎಂದೆ. “ಎರಡು ಸಲ ಕರೆದ. ನನಗೆ ಈಜು ಬರುವುದಿಲ್ಲ ಬಾಯಮ್ಮ. ಅವನ ಚಪ್ಪಲಿ ಹಿಡಿದುಕೊಂಡು ದಡದಲ್ಲೇ ನಿಂತಿದ್ದೆ. ನೀರಿಗೆ ಇಳಿಯಲೇ ಇಲ್ಲ.”