ಹಗ್ಗದ ಕೊನೆಯ ಟೇಪು

ಗಣಕಯಂತ್ರದ ಕೋಣೆಯಲ್ಲಿ ಬಟ್ಟೆ ಒಣಹಾಕುವಂಥ ಒಂದು ಹಗ್ಗವಿತ್ತು. ಲೆಕ್ಕ ಮಾಡಿಸಬೇಕಾದವರು ಆಜ್ಞೆಗಳನ್ನು ತೂತುಗಳಾಗಿ ಹೊಡೆದ ಕಾಗದದ ಟೇಪನ್ನು ಅದಕ್ಕೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ ಹೋಗುತ್ತಿದ್ದರು. ಎಡದಿಂದ ಒಂದೊಂದೇ ತೆಗೆದು ಯಂತ್ರಕ್ಕೆ ಕೊಡುವುದು ವಿನಿಫ್ರೆಡ್ ಹಾಲ್ಸಲ್‌ಳ ಕೆಲಸ. ಒಂಬತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು.

ಹಗ್ಗದ ಬಲತುದಿಯಲ್ಲಿ ಹೆಸರಿಲ್ಲದ ಒಂದು ಟೇಪು ಮಾರ್ಚ್ ತಿಂಗಳಿಂದ ತೂಗುತ್ತಿತ್ತು. ಅದು ಅವಳದೇ. ಸಂಶೋಧಕರು ಬಿಸಾಡಿದ ಹಾಳೆಗಳನ್ನು ಬಾಡಿಗೆ ಕೋಣೆಗೆ ಒಯ್ದು, ಯಾರಿಗೂ ಹೇಳದೆ ಕಲಿತು ಬರೆದದ್ದು. ಹತ್ತು ಸಾವಿರದಾಚೆಯ ಅವಿಭಾಜ್ಯ ಸಂಖ್ಯೆಗಳನ್ನು, ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳನ್ನು, ಹುಡುಕುವ ಲೆಕ್ಕ. ಉತ್ತರ ಪುಸ್ತಕದಲ್ಲೇ ಸಿಗುತ್ತಿತ್ತು. ತಾನು ಬರೆದದ್ದು ಯಂತ್ರಕ್ಕೆ ಅರ್ಥವಾಗುತ್ತದೆಯೇ ಎಂಬುದಷ್ಟೇ ಅವಳಿಗೆ ತಿಳಿಯಬೇಕಿತ್ತು. ಆದರೆ ಸರದಿ ಬಂದಾಗಲೆಲ್ಲ ಯಾರಾದರೂ ಹೊಸ ಟೇಪು ತರುವರು. ಅವಳು ತನ್ನದನ್ನು ಮೆಲ್ಲಗೆ ಬಲಕ್ಕೆ ಸರಿಸುವಳು.

ಇನ್ನು ಸರಿಸಲು ದಿನ ಉಳಿದಿರಲಿಲ್ಲ. ಇವತ್ತು ನಾಲ್ಕು ಗಂಟೆಗೆ ಯಂತ್ರವನ್ನು ಶಾಶ್ವತವಾಗಿ ನಿಲ್ಲಿಸುವವರಿದ್ದರು. ಆಜ್ಞೆಗಳನ್ನು ತನ್ನ ನೆನಪಿನಲ್ಲೇ ಇಟ್ಟುಕೊಂಡು ನಡೆಯುವ ಯಂತ್ರಗಳಲ್ಲಿ ಜಗತ್ತಿಗೇ ಮೊದಲಿನವುಗಳ ಪೈಕಿ ಇದೊಂದು. ಆ ನೆನಪು ಹಿಡಿದಿಡುವ ಪಾದರಸದ ಕೊಳವೆಗಳು, ಮೂರು ಸಾವಿರ ಗಾಜಿನ ವಾಲ್ವುಗಳು, ಕೋಣೆ ತುಂಬ ಕಾವು. ಮೇಲಿನ ಮಹಡಿಯಲ್ಲಿ ಹೊಸದು ಸಿದ್ಧವಾಗಿತ್ತು. ಅದಕ್ಕೆ ಹಳೆಯದರ ಭಾಷೆ ಬಾರದು.

ಮೂರೂವರೆಗೆ ಡಾಕ್ಟರ್ ಪಾಮ್‌ಫ್ರೆಟ್ ಟೇಪು ಹಿಡಿದು ಬಂದ. ಅಲೆಗಳ ಮೇಲೆ ಸಂಶೋಧನೆ ನಡೆಸುವವನು.

"ಮಿಸ್ ಹಾಲ್ಸಲ್, ಇದೊಂದು ಹಾಕ್ಬಿಡಿ. ಅರ್ಧ ಗಂಟೆ ಸಾಕು."

"ಮೇಲಿನ ಯಂತ್ರಕ್ಕೂ ಬರೆದಿಟ್ಟಿದೀರಲ್ಲ, ಡಾಕ್ಟರ್?"

"ಬರೆದಿದೀನಿ. ಆದ್ರೂ ಈ ಮುದುಕಿ ಯಂತ್ರಾನ ಕೊನೇ ಸಲ ಮಾತಾಡ್ಸೋಣ ಅಂತ."

"ಇಲ್ಲ. ಮುಂದಿನದು ನಂದು."

ಅವನು ಟೇಪನ್ನು ನೋಡಿದ, ಅವಳನ್ನು ನೋಡಿದ. "ನಿಮ್ದಾ? ಏನು, ಸ್ವೆಟರ್ ಹೆಣೆಯೋ ಲೆಕ್ಕಾನಾ?"

"ಹೂಂ, ಹಾಗೇ ಅಂದ್ಕೊಳ್ಳಿ."

ಅವನು ನಗುತ್ತ ಪಕ್ಕದ ಕೋಣೆಗೆ ಚಹಾಕ್ಕೆ ಹೋದ. ಅಲ್ಲಿ ಎಲ್ಲರೂ ಸೇರಿದ್ದರು; ಕೇಕು ತಂದಿದ್ದರು. ಯಾರೋ ಬಾಗಿಲಿನಿಂದ ಅವಳನ್ನೂ ಕರೆದಿದ್ದರು, ಉತ್ತರಕ್ಕೆ ಕಾದಿರಲಿಲ್ಲ.

ಅವಳು ಟೇಪು ಹಾಕಿದಳು. ಲೆಕ್ಕದ ನಡೆ ಕೇಳಿಸಲೆಂದು ಯಂತ್ರಕ್ಕೆ ಜೋಡಿಸಿದ್ದ ಧ್ವನಿವರ್ಧಕ ಮೊದಲು ಗೊಣಗಿತು, ಆಮೇಲೆ ಒಂದೇ ಎಳೆಯಾಗಿ ಕೊರೆಯತೊಡಗಿತು. ಆ ಸ್ವರ ಅವಳಿಗೆ ಚೆನ್ನಾಗಿ ಗೊತ್ತು. 'ನಿಮ್ಮ ಲೆಕ್ಕ ಒಂದೇ ಕಡೆ ಸುತ್ತುತ್ತಿದೆ' ಎಂದು ಎಷ್ಟೋ ಜನರಿಗೆ ತಾನೇ ಹೇಳಿದ್ದಳು. ಇವತ್ತು ಅವಳಿಗೆ ಹೇಳುವವರಿರಲಿಲ್ಲ.

ಲೆಕ್ಕ ನಿಲ್ಲಿಸಿ ಹಾಳೆಯ ಮೇಲೆ ಬೆರಳಿಟ್ಟು ಓದಿದಳು. ಹದಿನೈದನೆಯ ಸಾಲಿಗೆ ಹಾರಬೇಕಾದ ಕಡೆ ಹದಿನಾಲ್ಕು ಎಂದು ಬರೆದಿದ್ದಳು. ಇಡೀ ಟೇಪನ್ನು ಮತ್ತೆ ತೂತು ಹೊಡೆಯಬೇಕಾಯಿತು. ಅವಸರದಲ್ಲಿ ಒಂದು ಹಾಳಾಯಿತು. ಇನ್ನೊಂದು ಮುಗಿದಾಗ ನಾಲ್ಕಕ್ಕೆ ಎರಡು ನಿಮಿಷವಿತ್ತು.

ಈ ಸಲ ಧ್ವನಿ ಬೇರೆಯಾಗಿತ್ತು. ಎಡವುತ್ತ, ಹುಡುಕುತ್ತ ನಡೆಯುವವರ ಹೆಜ್ಜೆಯಂತೆ. ಮುದ್ರಕ 10007 ಎಂದು ಹೊಡೆಯಿತು. ತುಸು ಹೊತ್ತಿಗೆ 10009. ಆಮೇಲೆ ಮುದ್ರಕ ಸುಮ್ಮನಾಯಿತು, ಹೆಜ್ಜೆ ಮಾತ್ರ ನಡೆಯುತ್ತಲೇ ಇತ್ತು.

ಎಂಜಿನಿಯರ್ ಕ್ಲೆಗ್ ಬಂದು ಸ್ವಿಚ್ಚಿನ ಮೇಲೆ ಕೈಯಿಟ್ಟ. "ಅಲ್ಲಿ ಕೇಕ್ ಇಟ್ಕೊಂಡು ಕಾಯ್ತಿದಾರೆ. ನಿಮ್ದು ಮುಗಿಯೋವರೆಗೂ ತಡೀಲಾ?"

"ಅಯ್ಯೋ ಬೇಡ, ನನಗೋಸ್ಕರ ಯಾಕೆ ಕಾಯ್ತೀರಿ."

ನಾಲಿಗೆ ಅವಳನ್ನು ಕೇಳದೇ ಆಡಿಬಿಟ್ಟಿತ್ತು. ನಲವತ್ತು ವರ್ಷದಿಂದ ಅದು ಆಡುತ್ತಿದ್ದದ್ದೇ ಹಾಗೆ. ಮುದ್ರಕ ಟಕಟಕ ಎಂದಿತು. ಇಲ್ಲ, ತಡೆಯಿರಿ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಕ್ಲೆಗ್ ಸ್ವಿಚ್ ಎಳೆದಾಗಿತ್ತು.

ಆ ಕೋಣೆಯಲ್ಲಿ ಗೋಡೆಯಾಚೆಯ ನಗು ಕೇಳಿಸಿದ್ದು ಅವಳಿಗೆ ಅದೇ ಮೊದಲು. ವಾಲ್ವುಗಳು ಇನ್ನೂ ಬಿಸಿಯಾಗಿದ್ದವು. ಕಾಗದದ ಮೇಲೆ 1003 ಎಂದು ನಿಂತಿತ್ತು. ಒಂದು ಅಂಕಿ ಬಾಕಿ.

ಕೇಕಿಗೆ ಹೋಗದೆ ಕಾಗದವನ್ನು ಹರಿದು ಚೀಲದಲ್ಲಿಟ್ಟುಕೊಂಡಳು.

ಸಂಜೆ, ಮನೆಯೊಡತಿ ಕೆಳಗೆ ರೇಡಿಯೋ ಹಚ್ಚಿದಾಗ, ಅವಳು ಪೆನ್ಸಿಲ್ ಹಿಡಿದು ಕುಳಿತಳು. 1003ರ ಕೊನೆಗೆ ಒಂದು ಇಟ್ಟರೆ ಏಳರಿಂದ ಭಾಗವಾಗಿಬಿಡುತ್ತಿತ್ತು. ಮೂರು ಇಟ್ಟು ಬಹಳ ಹೊತ್ತು ಹುಡುಕಿದಳು, ಎಪ್ಪತ್ತೊಂಬತ್ತರಿಂದ ಭಾಗವಾಯಿತು. ಏಳು ಇಟ್ಟಳು. ಯಾವುದರಿಂದಲೂ ಆಗಲಿಲ್ಲ.

ಯಂತ್ರ ಬಿಟ್ಟ ಜಾಗದಲ್ಲಿ ಏಳು ಬರೆದು, ಅದರ ಕೆಳಗಿನ ಸಾಲಿನಲ್ಲಿ 10039 ಎಂದು ಬರೆದು, ಮೂರರಿಂದ ಭಾಗಿಸತೊಡಗಿದಳು.