ಕನ್ನಡಿ ಸಿಸ್ಟರ್

ಬಸ್ ಡ್ರೈವರನ ಹೆಂಡತಿ ಆಸ್ಪತ್ರೆಯ ಆ ನರ್ಸಿಗೆ ಇಟ್ಟಿದ್ದ ಹೆಸರು ಕನ್ನಡಿ ಸಿಸ್ಟರ್. ತಲೆಗೆ ಪೆಟ್ಟು ಬಿದ್ದು, ಕಣ್ಣು ಬಿಟ್ಟರೂ ಅರಿವಿದೆಯೋ ಇಲ್ಲವೋ ತಿಳಿಯದೆ ಮನೆ ಸೇರಿದವರನ್ನು ಆಸ್ಪತ್ರೆ ಮರೆಯಬಹುದು, ಆಕೆ ಮರೆಯುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ಮನೆಗೇ ಬಂದು, ರೋಗಿಯ ಮುಖದೆದುರು ಕೈಗನ್ನಡಿ ಹಿಡಿದು ಮೆಲ್ಲಗೆ ಸರಿಸುತ್ತಿದ್ದಳು. ಕಣ್ಣು ಅದರ ಹಿಂದೆ ಹೋದರೆ ಒಳಗೆ ಅರಿವಿದೆ ಎಂದರ್ಥ.

ಅಂಥವರಲ್ಲೊಬ್ಬನಾದ ಡ್ರೈವರನ ಮನೆಗೆ ಇದು ನಾಲ್ಕನೆಯ ಭೇಟಿ. ಹಿಂದಿನ ಮೂರರಲ್ಲೂ ಏನೂ ಕಂಡಿರಲಿಲ್ಲ. ಈ ಸಲವೂ ಕಾಣದಿದ್ದರೆ ಮನೆಗೆ ಬಂದು ಕೈಕಾಲು ಆಡಿಸಿ ಹೋಗುವ ಚಿಕಿತ್ಸೆ ನಿಂತುಹೋಗುತ್ತಿತ್ತು. ಹೆಂಡತಿ ಬೆಳಿಗ್ಗೆ ಬೇಗ ಎದ್ದು ಗಂಡನಿಗೆ ತಲೆ ತೊಳೆದು, ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಡಿಸಿ, ದಿಂಬಿಗೆ ಒರಗಿಸಿ ಕೂರಿಸಿದ್ದಳು.

ಕನ್ನಡಿ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಅವನ ಕಣ್ಣು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಬೆಳಿಗ್ಗೆಯಿಂದ ಏನೇನು ಮಾಡಿಸಿದ್ರಿ ಇವರಿಗೆ?" ಎಂದಳು ಸಿಸ್ಟರ್.

ಅವಳು ಎಲ್ಲ ಒಪ್ಪಿಸಿದಳು.

"ನಾನು ಬಂದಾಗಲೆಲ್ಲ ಹೀಗೇನಾ?"

"ಮತ್ತೆ? ಗಂಡನ್ನ ಹೇಗ್ಹೇಗೋ ಇಟ್ಕೊಂಡಿದಾಳೆ ಅಂತ ನೀವು ಅಂದ್ಕೋಬಾರದಲ್ಲ."

ಸಿಸ್ಟರ್ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ತಾಯಿ! ಇಷ್ಟೆಲ್ಲ ಮಾಡಿಸಿದ್ರೆ ಗಟ್ಟಿಮುಟ್ಟಾಗಿರೋ ನಾನೇ ಗೊರಕೆ ಹೊಡೀತೀನಿ. ಇವರು ಸುಸ್ತಾಗಿದಾರೆ. ನೀವು ಪ್ರೀತಿಗೆ ಮಾಡಿದ್ರಿ, ಸರಿ. ಕೇಳಬೇಕು ಅಂತ ನನಗೆ ಹೊಳೀಲಿಲ್ವಲ್ಲ, ತಪ್ಪು ನಂದು. ಮಲಗಿಸಿ. ಏಳೋವರೆಗೂ ಕೂತಿರ್ತೀನಿ."

ಆಸ್ಪತ್ರೆಯವರೊಬ್ಬರು ತಪ್ಪು ನಂದು ಅಂದದ್ದನ್ನು ಹೆಂಡತಿ ತನ್ನ ಜನ್ಮದಲ್ಲಿ ಕೇಳಿದ್ದು ಅದೇ ಮೊದಲು. ಸಿಸ್ಟರ್ ತಾನು ಬಂದಿದ್ದ ಆಸ್ಪತ್ರೆಯ ವ್ಯಾನನ್ನು ವಾಪಸ್ ಕಳಿಸಿದಳು. ಮೂರು ಗಂಟೆ ಸ್ಟೂಲಿನ ಮೇಲೆ ಕೂತಳು. ಒಮ್ಮೆಯೂ ಗಡಿಯಾರ ನೋಡಲಿಲ್ಲ. ಎಂಥ ಹೆಂಗಸಪ್ಪಾ ಎಂದು ಇವಳಿಗೆ ಕೈ ಮುಗಿಯುವಂತಾಯಿತು.

ಮಧ್ಯಾಹ್ನ ಅವನು ಕಣ್ಣು ಬಿಟ್ಟ. ಮತ್ತೆ ಕನ್ನಡಿ. ಈ ಸಲ ಕಣ್ಣು ಒಂಚೂರು ಸರಿದಂತಾಯಿತು.

"ಹೋಯ್ತು, ಹೋಯ್ತು! ಬರ್ಕೊಳ್ಳಿ!" ಎಂದು ಕೂಗಿದಳು ಹೆಂಡತಿ.

"ಅರ್ಧಕ್ಕೇ ನಿಂತಿತು. ಅರ್ಧ ಆದದ್ದನ್ನ ಬರೆಯಲ್ಲ," ಎಂದಳು ಸಿಸ್ಟರ್ ಖಡಾಖಂಡಿತವಾಗಿ. ಇವಳಿಗೆ ಅಳು ಬಂತು, ಸಿಟ್ಟೂ ಬಂತು. ಆದರೆ ಈಕೆ ಬರೆದರೆ ಅದು ಸುಳ್ಳಾಗಿರುವುದಿಲ್ಲ ಎನ್ನುವ ಧೈರ್ಯವೂ ಬಂತು.

"ಕನ್ನಡಿ ಬೇಡ, ನೀವು ಬನ್ನಿ. ಇವರ ಮುಂದೆ ನಿಂತ್ಕೊಂಡು, ಸದ್ದು ಮಾಡದೆ ಬಾಗಿಲ ಕಡೆ ನಡೀರಿ. ನಾನು ಹೇಳೋವರೆಗೂ ತಿರುಗಬೇಡಿ."

ನಡೆದಳು. ಹಿಂದೆ ಸದ್ದಿಲ್ಲ.

"ಹಾಗೇ ಹಿಮ್ಮುಖವಾಗಿ ಬನ್ನಿ. ಇನ್ನೊಂದು ಸಲ."

ಮತ್ತೆ ನಡೆದಳು. ಚಿಕಿತ್ಸೆಯ ಆಸೆ ಬಿಟ್ಟೇಬಿಟ್ಟಳು.

"ಈಗ ತಿರುಗಿ."

ಅವನು ಬಾಗಿಲನ್ನೇ ನೋಡುತ್ತಿದ್ದ. ಅವಳನ್ನೇ.

"ಎರಡು ಸಲ, ಪೂರ್ತಿ," ಎಂದಳು ಸಿಸ್ಟರ್, ಬರೆಯುತ್ತಾ. "ಎದ್ದು ಬಸ್ ಓಡಿಸ್ತಾರೆ ಅಂತ ಹೇಳಲ್ಲ. ನಿಮ್ಮನ್ನ ನೋಡ್ತಿದಾರೆ ಅಂತ ಹೇಳ್ತೀನಿ. ಚಿಕಿತ್ಸೆ ನಿಲ್ಲಲ್ಲ."

ದಿನಾ ಮಧ್ಯಾಹ್ನ ಅವನು ಎದ್ದ ಹೊತ್ತಿಗೆ, ಇವನಿಗೇನು ಗೊತ್ತಾಗುತ್ತೆ ಎಂದುಕೊಂಡು ಅದೇ ಬಾಗಿಲಿಂದ ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತು ಬರುತ್ತಿದ್ದದ್ದು ಅವಳಿಗೆ ನೆನಪಾಯಿತು. ಇವತ್ತು ಅಡುಗೆಮನೆಗೆ ಹೋಗಲಿಲ್ಲ. ಅವನ ಮುಂದೆಯೇ ಕೂತು ಅತ್ತಳು.