ಎರಡು ತಲೆಯ ಸೂಕ್ಷ್ಮದರ್ಶಕ ಕಂಡ ಹೆಣ್ಣಿಲಿಗಳು

ನಾನು ಒಂದು ಸೂಕ್ಷ್ಮದರ್ಶಕ, ಅದೂ ಎರಡು ತಲೆಯವನು. ಒಂಟಿ ತಲೆಯವರು ಹೈಸ್ಕೂಲುಗಳಲ್ಲೂ ಸಿಗುತ್ತಾರೆ ಬಿಡಿ. ನನ್ನ ಮುಂದೆ ಇಬ್ಬರು ಎದುರುಬದುರು ಕೂತು ಒಂದೇ ಗಾಜುಪಟ್ಟಿಯನ್ನು ಒಟ್ಟಿಗೇ ನೋಡಬಹುದು. ಅಂಬಾಲದ ಕಾರ್ಖಾನೆಯಲ್ಲಿ ಹುಟ್ಟಿ, ರೈಲು ಹತ್ತಿ, ಧಾರವಾಡದ ಕಡೆಯ ಒಂದು ಮೆಡಿಕಲ್ ಕಾಲೇಜಿಗೆ ಬಂದೆ. ಮೊದಲು ಹೊಸ ವಿದ್ಯಾರ್ಥಿಗಳ ಪಾಲಾದೆ. ಅವರು ಮಸೂರಕ್ಕೆ ಎಣ್ಣೆ ಮೆತ್ತಿ ಒರೆಸದೆ ಹೋಗುತ್ತಿದ್ದರು. ತಮ್ಮದೇ ರೆಪ್ಪೆಗೂದಲು ಕಂಡು ರೋಗಾಣು ಎಂದು ಚಿತ್ರ ಬರೆಯುತ್ತಿದ್ದರು. ಹಾಗೂ ಹೀಗೂ ಬದುಕಿ ಉಳಿದೆ.

ಆಮೇಲೆ ಡಾಕ್ಟರ್ ಹಿರೇಗೌಡರ ಕೈಗೆ ಬಂದೆ. ಯಕೃತ್ತಿನ ರೋಗಗಳಲ್ಲಿ ಅವರದು ದೊಡ್ಡ ಹೆಸರು. ಅವರು ಬೆನ್ನು ಹತ್ತಿದ್ದ ರೋಗದಲ್ಲಿ ಮೈ ಕಾಯಬೇಕಾದ ಕಣಗಳೇ ಯಕೃತ್ತಿನ ಮೇಲೆ ತಿರುಗಿಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯಿತು ಅಂತಾರಲ್ಲ, ಹಾಗೆ. ಇಲಿಗಳಿಗೆ ಆ ರೋಗ ಬರಿಸಿ, ಯಕೃತ್ತಿನ ತೆಳು ಪದರವನ್ನು ಗಾಜಿನ ಮೇಲೆ ಕೂರಿಸಿ ನನ್ನ ಕೆಳಗಿಡುತ್ತಿದ್ದರು. ಎಲ್ಲವೂ ಗಂಡಿಲಿ. ಹೆಣ್ಣಿಲಿಯ ಹಾರ್ಮೋನು ಏರಿಳಿದು ಲೆಕ್ಕ ಕೆಡಿಸುತ್ತದೆ ಎಂಬ ಮಾತು ಅವರ ಗುರುಗಳ ಕಾಲದಿಂದಲೂ ನಡೆದುಬಂದಿತ್ತು.

ಅವರ ಶಿಷ್ಯೆ ನೀಲಾಂಬಿಕಾ ಬೆಳಿಗ್ಗೆ ವಾರ್ಡು ಸುತ್ತಿ ಮಧ್ಯಾಹ್ನ ನನ್ನ ಹತ್ತಿರ ಬರುತ್ತಿದ್ದಳು. ಅವಳ ಸಂಶೋಧನಾ ಪ್ರಬಂಧಕ್ಕೆಂದು ತರಿಸಿದ ಇಲಿಯ ಎಳೆಮರಿಗಳಲ್ಲಿ ಗುರುತು ತಪ್ಪಿ ಅರ್ಧದಷ್ಟು ಹೆಣ್ಣು ಸೇರಿಕೊಂಡಿದ್ದವು. ಗೊತ್ತಾಗುವಷ್ಟರಲ್ಲಿ ಎಲ್ಲಕ್ಕೂ ರೋಗ ಬರಿಸಿ ಆಗಿತ್ತು. ಹೆಣ್ಣಿನದನ್ನೆಲ್ಲ ಎಸೆದು ಮೊದಲಿಂದ ಶುರುಮಾಡು ಎಂದರು ಹಿರೇಗೌಡರು. ಅವಳು ಕದಲಲಿಲ್ಲ.

"ಸರ್, ವಾರ್ಡಿನ್ಯಾಗ ಈ ಜಡ್ಡಿಗೆ ಮಲಗಿದಾವ್ರು ಭಾಳ ಮಂದಿ ಹೆಣ್ಮಕ್ಕಳ ಅದಾರ್ರಿ. ನಾವು ನೋಡೋದು ಬರೇ ಗಂಡಿಲಿ."

ಅವರಿಗೆ ಸಿಟ್ಟು ಮೂಗಿನ ತುದಿಗೇ ಬಂತು. ಕೊನೆಗೆ ಒಂದು ಒಪ್ಪಂದವಾಯಿತು. ಎಲ್ಲವನ್ನೂ ಒಮ್ಮೆ ನೋಡುವುದು. ಗಂಡು ಹೆಣ್ಣಿನಲ್ಲಿ ವ್ಯತ್ಯಾಸ ಕಾಣದಿದ್ದರೆ ಅವಳು ಒಂದು ವರ್ಷದ ದುಡಿಮೆಯನ್ನು ಎಸೆಯಬೇಕು, ಈ ಮಾತನ್ನು ಮತ್ತೆ ಎತ್ತಬಾರದು.

ನಮ್ಮಲ್ಲಿ ಒಂದು ಶಿಸ್ತಿದೆ. ಯಾವ ಇಲಿಯದೆಂದು ತಿಳಿಯದಂತೆ ಗುರುತಿನ ಮೇಲೆ ಕಾಗದದ ಪಟ್ಟಿ ಅಂಟಿಸಿಯೇ ನೋಡಬೇಕು. ಗುರು ಒಂದು ತಲೆಗೆ, ಶಿಷ್ಯೆ ಇನ್ನೊಂದಕ್ಕೆ ಕಣ್ಣಿಟ್ಟರು. ಯಕೃತ್ತು ಎಷ್ಟು ಕೆಟ್ಟಿದೆ ಎಂದು ಅವರು ಅಂಕ ಹೇಳಿದರು, ಅವಳು ಬರೆದಳು. ನಾನು ಒಂದಿಷ್ಟೂ ಅಲುಗಲಿಲ್ಲ. ಆ ದಿನ ನಾನು ತೋರಿಸಿದಷ್ಟು ಚೊಕ್ಕವಾಗಿ ಜರ್ಮನಿಯಲ್ಲಿ ಹುಟ್ಟಿದವನೂ ತೋರಿಸುತ್ತಿರಲಿಲ್ಲ.

ಕಾಗದದ ಪಟ್ಟಿ ಕಿತ್ತರು. ತೀರ ಕೆಟ್ಟದ್ದೆಂದು ಹಿರೇಗೌಡರು ತಮ್ಮ ಬಾಯಿಂದಲೇ ಹೇಳಿದವು ಹೆಚ್ಚುಕಮ್ಮಿ ಎಲ್ಲವೂ ಹೆಣ್ಣಿಲಿಯವು. ಅವರು ಮತ್ತೊಮ್ಮೆ ಬಗ್ಗಿ ಬಹಳ ಹೊತ್ತು ನೋಡಿದರು.

"ಇಷ್ಟು ವರ್ಷ ನಾ ಅರ್ಧಾ ಅಷ್ಟ ನೋಡೀನವಾ," ಎಂದರು. "ಇನ್ನ ಮುಂದ ಎರಡೂ ತರಸು."

ಆ ಮಾತು ಹೇಳಲು ದೊಡ್ಡ ಮನಸ್ಸು ಬೇಕು. ಅದು ಹುಟ್ಟಿದ್ದು ನನ್ನ ಎರಡು ತಲೆಗಳ ನಡುವೆ ಎಂಬ ಹೆಮ್ಮೆ ನನಗಿದೆ.

ಈಗ ಹಿರೇಗೌಡರು ನಿವೃತ್ತರು, ನೀಲಾಂಬಿಕಾ ಮುಖ್ಯಸ್ಥೆ. ಗಾಜುಪಟ್ಟಿಗಳನ್ನು ಕಂಪ್ಯೂಟರ್ ಪರದೆಯ ಮೇಲೆ ನೋಡುತ್ತಾರೆ. ನಾನು ಮೂಲೆಯಲ್ಲಿ ಮುಸುಕು ಹೊದ್ದಿದ್ದೇನೆ. ಮೊನ್ನೆ ಹೊಸ ಶಿಷ್ಯೆಯೊಬ್ಬಳು, ಒಂದು ಗಾಜುಪಟ್ಟಿಗೆ ಮ್ಯಾಡಂ ಕೊಟ್ಟ ಅಂಕವೇ ತಪ್ಪಿರಬಹುದು ಎಂದು ಅಳುಕುತ್ತ ಹೇಳಿದಳು. ನೀಲಾಂಬಿಕಾ ಬೈಯಲಿಲ್ಲ. ನನ್ನ ಮುಸುಕು ತೆಗೆದು, ಧೂಳು ಒರೆಸಿ, ಗುರುಗಳು ಕೂರುತ್ತಿದ್ದ ಕಡೆ ಕೂತಳು.

"ಪಟ್ಟಿ ಅಂಟಸು," ಎಂದಳು. "ಇಬ್ಬರೂ ನೋಡೂಣು."